ಕೈ ಹಾರಿ ಹೋಗದಂತೆ ಗೊಂಬೆ ಕುಣಿಸುವುದು ಹೇಗೆ?

ಹೋದ ವಾರವೂ ಒಬ್ಬ ಹುಡುಗ ಪೆನ್‌ಡ್ರೈವ್ ಹಿಡಿದುಕೊಂಡು ಬಂದ. "ಸರ್, ಕೈ ಹಾರಿ ಹೋಗ್ತೈತ್ರೀ" ಅಂದ. ತೆರೆದು ನೋಡಿದೆ. ಮಿರ್ಚಿ ಅಂಗಡಿಯೊಂದರ ವೆಬ್ ಪುಟಕ್ಕೆ ಮಾಡಿದ ಅನಿಮೇಷನ್ ಗೊಂಬೆ. ಪಟಗ ಸುತ್ತಿದ ಅಜ್ಜ ಕೈ ಎತ್ತಿ "ಬರ್ರಿ" ಅನ್ನಬೇಕು, ಅಷ್ಟೇ. ಪ್ಲೇ ಒತ್ತಿದರೆ ಅಜ್ಜನ ಕೈ ಭುಜ ಬಿಟ್ಟು ಕಿವಿಯ ಪಕ್ಕ ಹೋಗಿ, ಅಲ್ಲೊಂದು ಸುತ್ತು ಹೊಡೆದು, ಹೊಟ್ಟೆಯೊಳಗೆ ನುಗ್ಗಿತು. ಚಿತ್ರ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು. ಕೀಲು ಮಾತ್ರ ಕೆಟ್ಟಿತ್ತು.

ಕೊಪ್ಪಳದಲ್ಲಿ ಫ್ಲೆಕ್ಸ್ ಡಿಸೈನ್ ಮಾಡಿಕೊಂಡಿರುವ ನನ್ನ ಹತ್ತಿರ ಇಂಥ ಕೈಗಳು ತಿಂಗಳಿಗೆ ಎರಡು ಮೂರಾದರೂ ಬರುತ್ತವೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ತಪ್ಪು. ಹಾಗಾಗಿ ಈ ಲೇಖನದಲ್ಲಿ ಮುಕ್ಕಾಲು ಪಾಲು ಕೀಲಿನ ಬಗ್ಗೆಯೇ ಇದೆ. ಉಳಿದದ್ದು ನೀವೇ ಅರ್ಧ ಗಂಟೆಯಲ್ಲಿ ಕಲಿಯುತ್ತೀರಿ.

ಸಾಫ್ಟ್‌ವೇರ್ ಯಾವುದು? ಸಿನ್‌ಫಿಗ್ ಸ್ಟುಡಿಯೋ. ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ನೋಡಲು ಅಷ್ಟೇನೂ ಚಂದ ಇಲ್ಲ, ಆದರೆ ಕಲಿಯುವವರಿಗೆ ಇದೇ ಸರಿ. ಅಡೋಬಿ ಅನಿಮೇಟ್ ಇದ್ದವರು ಅದರಲ್ಲೇ ಮಾಡಿ. ಕೀಲಿನ ಲೆಕ್ಕ ಅಲ್ಲೂ ಇದೇ. ಕಳ್ಳ ಕಾಪಿ ಹಾಕಿಕೊಳ್ಳಬೇಡಿ, ಅದರ ಜೊತೆ ಬರುವ ವೈರಸ್ ತೆಗೆಯುವುದರಲ್ಲೇ ಒಂದು ದಿನ ಹೋಗುತ್ತದೆ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್ ಬಹಳ ಒಳ್ಳೆಯದು, ಆದರೆ ಒಂದು ಕೈ ಎತ್ತಿಸಲು ಅದು ಬೇಡ. ಮನೆಗೆ ಸೊಪ್ಪು ತರಲು ಲಾರಿ ಒಯ್ದಂತಾಗುತ್ತದೆ.

ಇನ್ನೊಂದು ಮಾತು. ಯಾರಾದರೂ ಈಗಲೂ "ಫ್ಲ್ಯಾಶ್ ಕಲಿಸುತ್ತೇವೆ" ಎಂದರೆ ಫೀಸು ಕಟ್ಟಬೇಡಿ. ಬ್ರೌಸರ್‌ನಲ್ಲಿ ಫ್ಲ್ಯಾಶ್ ಗೊಂಬೆಗಳನ್ನು ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ ಅಡೋಬಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಅದರಲ್ಲಿ ಫ್ಲ್ಯಾಶ್ ಫೈಲುಗಳು ಓಡದಂತೆಯೇ ಮಾಡಿತು. ಅದಾದ ಮೇಲೂ ಒಂದು ಸೆಂಟರ್‌ನಲ್ಲಿ ನನ್ನ ತಂಗಿ ಮಗ ಮೂರು ತಿಂಗಳು ಹಳೇ ಫ್ಲ್ಯಾಶ್ ಕಲಿತು ಬಂದ. ಮಾಡಿದ್ದೆಲ್ಲ ಎಸ್‌ಡಬ್ಲ್ಯೂಎಫ್, ಅಂದರೆ ಫ್ಲ್ಯಾಶ್ ಫೈಲು. ಯಾವ ಬ್ರೌಸರ್‌ನಲ್ಲೂ ತೆರೆಯಲಿಲ್ಲ. ರಫಲ್ ಎಂಬ ಉಚಿತ ಎಮ್ಯುಲೇಟರ್ (ಫ್ಲ್ಯಾಶ್ ಪ್ಲೇಯರ್‌ನ ಕೆಲಸ ಮಾಡುವ ಬದಲಿ ಸಾಫ್ಟ್‌ವೇರ್) ಹಾಕಿ ಅವನ ಕೆಲಸವನ್ನು ಅವನಿಗೇ ತೋರಿಸಬೇಕಾಯಿತು.

ಮೊದಲು ಕಂಪ್ಯೂಟರ್ ಮುಟ್ಟಬೇಡಿ. ಮನೆಯಲ್ಲಿ ಹಳೆಯ ಮದುವೆ ಕಾರ್ಡ್ ಇರುತ್ತದಲ್ವಾ, ಒಂದು ತೆಗೆದುಕೊಳ್ಳಿ. ಮೈ, ಮೇಲ್ತೋಳು, ಮುಂಗೈ ಮೂರನ್ನೂ ಬೇರೆ ಬೇರೆ ಕತ್ತರಿಸಿ. ದಬ್ಬಣದಿಂದ ತೂತು ಮಾಡಿ, ದಾರ ಪೋಣಿಸಿ, ಎರಡೂ ಕಡೆ ಗಂಟು ಹಾಕಿ. ಈಗ ಕೈ ಆಡಿಸಿ ನೋಡಿ. ತೂತು ತುದಿಗೆ ಬಿದ್ದರೆ ಕೈ ಜೋತು ಬೀಳುತ್ತದೆ. ತೋಳಿನ ನಡುವೆ ಬಿದ್ದರೆ ಫ್ಯಾನಿನ ರೆಕ್ಕೆಯಂತೆ ತಿರುಗುತ್ತದೆ. ಭುಜದ ದುಂಡಗಿನ ಭಾಗಕ್ಕೆ ಸರಿಯಾಗಿ ಬಿದ್ದರೆ ಮಾತ್ರ ಅದು ಕೈಯಂತೆ ಕಾಣುತ್ತದೆ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ತೊಗಲು ಗೊಂಬೆಯಾಟಕ್ಕೆ. ಕೈಕಾಲು ಆಡುವ ತೊಗಲು ಗೊಂಬೆಯನ್ನು ಎಲ್ಲಾದರೂ ಕಂಡರೆ ಅದರ ಗಂಟು ಎಲ್ಲಿದೆ ಎಂದು ಬಗ್ಗಿ ನೋಡಿ. ಸಾಫ್ಟ್‌ವೇರ್‌ನಲ್ಲಿ ಪಿವೋಟ್, ಆರಿಜಿನ್ ಎಂದೆಲ್ಲ ಕರೆಯುವುದು ಆ ಗಂಟನ್ನೇ.

ಇನ್ನು ಚಿತ್ರ. ಇಂಕ್‌ಸ್ಕೇಪ್, ಕ್ರಿಟಾ, ಕೋರಲ್‌ಡ್ರಾ ಯಾವುದರಲ್ಲಾದರೂ ಬರೆಯಿರಿ. ಮೇಲ್ತೋಳಿನ ಎರಡೂ ತುದಿ, ಮುಂಗೈಯ ಮೊಣಕೈ ತುದಿ ಪೂರ್ತಿ ದುಂಡಗಿರಲಿ, ಅರ್ಧ ಚಂದ್ರ ಕೂರಿಸಿದ ಹಾಗೆ. ಮೊಣಕೈಯಲ್ಲಿ ಸೇರುವ ಎರಡು ತುಂಡುಗಳ ದುಂಡು ಒಂದೇ ಅಳತೆಯದಾಗಿದ್ದು, ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಚೌಕ ಮಾಡಿ ಕತ್ತರಿಸಿದರೆ ಕೈ ಮಡಚಿದಾಗ ಮೊಣಕೈ ಹತ್ತಿರ ಸೀಳು ಬಿಟ್ಟು ಹಿಂದಿನ ಬಣ್ಣ ಇಣುಕುತ್ತದೆ.

ಪ್ರತಿ ತುಂಡನ್ನೂ ಬೇರೆ ಬೇರೆ ಪಿಎನ್‌ಜಿ ಮಾಡಿ ಇಟ್ಟುಕೊಳ್ಳಿ. ಜೆಪಿಜಿ ಮಾಡಬೇಡಿ, ಸುತ್ತ ಬಿಳಿ ಡಬ್ಬಿ ಬರುತ್ತದೆ. ತುಂಡಿನ ಅಳತೆಗೆ ಎಕ್ಸ್‌ಪೋರ್ಟ್ ಮಾಡದೆ ಪುಟದ ಪೂರ್ತಿ ಅಳತೆಗೆ ಮಾಡಿ. ಒಂದನ್ನು ಇಟ್ಟು ಉಳಿದವನ್ನು ಮರೆಮಾಡಿ ಎಕ್ಸ್‌ಪೋರ್ಟ್ ಮಾಡಿದರಾಯಿತು. ಆಗ ಸಿನ್‌ಫಿಗ್‌ಗೆ ತಂದಾಗ ಎಲ್ಲವೂ ತಮ್ಮ ಜಾಗದಲ್ಲೇ ಬಂದು ಕೂರುತ್ತವೆ, ಮತ್ತೆ ಜೋಡಿಸುವ ಗೋಳಿಲ್ಲ. "ಬರ್ರಿ" ಎಂಬ ಅಕ್ಷರವನ್ನೂ ಹೀಗೇ ಚಿತ್ರ ಮಾಡಿ ತನ್ನಿ. ಅನಿಮೇಷನ್ ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ಟೈಪ್ ಮಾಡಿ, ಒತ್ತಕ್ಷರ ಕೆಟ್ಟು, ತಲೆ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಸಿನ್‌ಫಿಗ್ ತೆರೆದು ಹೊಸ ಫೈಲಿಗೆ ಅಳತೆ ಕೊಡಿ. ಪುಟದ ಮೂಲೆಯ ಗೊಂಬೆಗೆ 480ಕ್ಕೆ 480 ಪಿಕ್ಸೆಲ್ ಸಾಕು. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ), ಒಟ್ಟು 3 ಸೆಕೆಂಡ್, ಅಂದರೆ 72 ಫ್ರೇಮ್. ಪಿಎನ್‌ಜಿಗಳನ್ನು ಇಂಪೋರ್ಟ್ ಮಾಡಿ. ಸೇವ್ ಮಾಡಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ನಿಮಗೇ ಗೊತ್ತು.

ಈಗ ಕೀಲು. ಇಲ್ಲಿ ನಿಧಾನ.

ಮುಂಗೈಯ ಲೇಯರ್ (ಪದರ) ಒಂದನ್ನೇ ಆರಿಸಿ ಗ್ರೂಪ್ ಮಾಡಿ, "ಮುಂಗೈ" ಎಂದು ಹೆಸರಿಡಿ. ಹೆಸರಿಡದೆ ಮುಂದೆ ಹೋದರೆ ಹತ್ತು ನಿಮಿಷದಲ್ಲಿ ಯಾವುದು ಏನು ಎಂದು ನಿಮಗೇ ತಿಳಿಯುವುದಿಲ್ಲ. ಆ ಗ್ರೂಪಿನ ಒಳಗೆ, ಚಿತ್ರದ ಮೇಲೆ, ಒಂದು ರೊಟೇಟ್ ಲೇಯರ್ ಸೇರಿಸಿ. ಹೊಸ ಲೇಯರ್ ಪಟ್ಟಿಯಲ್ಲಿ ಟ್ರಾನ್ಸ್‌ಫಾರ್ಮ್ ಅಡಿಯಲ್ಲಿ ಸಿಗುತ್ತದೆ. ಈ ಲೇಯರ್‌ನ ಸ್ವಭಾವ ಏನೆಂದರೆ, ತಾನಿರುವ ಗ್ರೂಪಿನಲ್ಲಿ ತನ್ನ ಕೆಳಗೆ ಏನೇನಿದೆಯೋ ಎಲ್ಲವನ್ನೂ ತಿರುಗಿಸುತ್ತದೆ. ಗ್ರೂಪ್ ಮಾಡದೆ ಹೊರಗೆ ಹಾಕಿದಿರೋ, ಕೈ ಜೊತೆ ಅಜ್ಜನೂ ತಿರುಗುತ್ತಾನೆ, ಅವನ ಹಿಂದಿನ ಅಂಗಡಿಯೂ ತಿರುಗುತ್ತದೆ.

ರೊಟೇಟ್ ಲೇಯರ್ ಆರಿಸಿದರೆ ಚಿತ್ರದ ಮೇಲೆ ಹಸಿರು ಚುಕ್ಕೆಯೊಂದು ಕಾಣುತ್ತದೆ. ಅದೇ ಆರಿಜಿನ್, ಅದೇ ದಾರದ ಗಂಟು. ಅದನ್ನು ಎಳೆದು ಮೊಣಕೈಯ ದುಂಡಿನ ನಟ್ಟನಡುವೆ ಕೂರಿಸಿ. ಅಂದಾಜಿಗೆ ಬೇಡ, ಝೂಮ್ ಮಾಡಿ ಕೂರಿಸಿ. ಆಮೇಲೆ ನೀಲಿ ಚುಕ್ಕೆ ಹಿಡಿದು ತಿರುಗಿಸಿ ನೋಡಿ. ದುಂಡು ಇದ್ದಲ್ಲೇ ಇದ್ದು ಬೆರಳುಗಳು ಮಾತ್ರ ಓಡಾಡಿದರೆ ಗಂಟು ಸರಿಯಾಗಿದೆ. ಮೊಣಕೈಯೂ ಒಂಚೂರು ಅಲುಗಿದರೆ ಇನ್ನೂ ಸರಿಸಬೇಕು. ನೋಡಿ ಆದ ಮೇಲೆ ಕೋನವನ್ನು ಸೊನ್ನೆಗೆ ತನ್ನಿ.

ಇನ್ನು ಮೇಲ್ತೋಳಿನ ಚಿತ್ರ ಮತ್ತು ಈ "ಮುಂಗೈ" ಗ್ರೂಪ್ ಎರಡನ್ನೂ ಸೇರಿಸಿ ಮತ್ತೊಂದು ಗ್ರೂಪ್ ಮಾಡಿ. ಹೆಸರು "ಕೈ". ಇದರ ಒಳಗೂ ಎಲ್ಲಕ್ಕಿಂತ ಮೇಲೆ ಒಂದು ರೊಟೇಟ್, ಅದರ ಹಸಿರು ಚುಕ್ಕೆ ಭುಜದ ಮೇಲೆ. ಈಗ ಭುಜ ತಿರುಗಿಸಿದರೆ ಮುಂಗೈ ತಾನಾಗಿ ಹಿಂದೆ ಬರುತ್ತದೆ. ಮೊಣಕೈ ತಿರುಗಿಸಿದರೆ ಭುಜಕ್ಕೆ ಗೊತ್ತೇ ಆಗುವುದಿಲ್ಲ. ಮದುವೆ ಕಾರ್ಡಿನ ಗೊಂಬೆ ಮಾಡಿದ್ದೂ ಇದನ್ನೇ ಅಲ್ವಾ? ಎರಡು ಗ್ರೂಪನ್ನು ಅಕ್ಕಪಕ್ಕ ಇಟ್ಟರೆ, ಒಂದರೊಳಗೆ ಒಂದು ಇಡದಿದ್ದರೆ, ತೋಳು ಮೇಲೆ ಹೋಗಿ ಮುಂಗೈ ಕೆಳಗೇ ಉಳಿಯುತ್ತದೆ.

ಇಷ್ಟು ಆಗುವ ತನಕ ಅನಿಮೇಟ್ ಮೋಡ್ ಆಫ್ ಇರಬೇಕು. ಮಿರ್ಚಿ ಅಂಗಡಿ ಹುಡುಗ ಎಡವಿದ್ದು ಇಲ್ಲೇ. ಕ್ಯಾನ್ವಾಸಿನ ಕೆಳಗೆ ಮನುಷ್ಯನ ಆಕಾರದ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಕ್ಯಾನ್ವಾಸಿನ ಸುತ್ತ ಕೆಂಪು ಚೌಕಟ್ಟು ಬರುತ್ತದೆ. ಕೆಂಪು ಇರುವಾಗ ನೀವು ಏನನ್ನೇ ಸರಿಸಿದರೂ ಸಾಫ್ಟ್‌ವೇರ್ ಅದನ್ನು ಚಲನೆ ಎಂದೇ ಬರೆದುಕೊಳ್ಳುತ್ತದೆ. ಹುಡುಗ ಕೆಂಪು ಚೌಕಟ್ಟಿನಲ್ಲೇ ಹಸಿರು ಚುಕ್ಕೆ ಎಳೆದಿದ್ದ. ಮೊದಲ ಫ್ರೇಮಿನಲ್ಲಿ ಗಂಟು ಹೊಟ್ಟೆಯಲ್ಲಿ, 20ನೇ ಫ್ರೇಮಿನಲ್ಲಿ ಭುಜದಲ್ಲಿ. ನಡುವೆ ಗಂಟೇ ನಡೆದುಕೊಂಡು ಹೋಗುತ್ತಿತ್ತು, ಕೈ ಪಾಪ ಅದರ ಬೆನ್ನು ಹತ್ತಿತ್ತು. ಹೀಗಾಗಿದ್ದರೆ ಗಾಬರಿ ಬೇಡ. ಟೈಮ್‌ಟ್ರ್ಯಾಕ್ ಎಂಬ ಪಟ್ಟಿಯಲ್ಲಿ ಆರಿಜಿನ್ ಸಾಲಿನ ಎದುರು ವೇಪಾಯಿಂಟ್ ಗುರುತುಗಳು ಇರುತ್ತವೆ, ಅಂದರೆ ಯಾವ ಫ್ರೇಮಿನಲ್ಲಿ ಸರಿಸಿದಿರಿ ಎಂಬ ಗುರುತು. ಎಲ್ಲ ಅಳಿಸಿ, ಅನಿಮೇಟ್ ಮೋಡ್ ಆಫ್ ಮಾಡಿ, ಚುಕ್ಕೆಯನ್ನು ಮತ್ತೊಮ್ಮೆ ಕೂರಿಸಿ. ಆರಿಜಿನ್ ಸಾಲು ಕೊನೆಯ ತನಕ ಖಾಲಿ ಇರಬೇಕು.

ಅಡೋಬಿ ಅನಿಮೇಟ್‌ನವರಿಗೂ ಇದೇ ರೋಗ, ಬೇರೆ ವೇಷ. ಅಲ್ಲಿ ತುಂಡನ್ನು ಎಫ್8 ಒತ್ತಿ ಸಿಂಬಲ್ ಮಾಡಿ, ಕ್ಯೂ ಒತ್ತಿದರೆ ನಡುವೆ ಬಿಳಿ ಚುಕ್ಕೆ ಬರುತ್ತದೆ. ಎರಡನೇ ಕೀಫ್ರೇಮ್ (ಭಂಗಿ ಗುರುತಿಸುವ ಫ್ರೇಮ್) ಹಾಕುವ ಮೊದಲೇ ಅದನ್ನು ಭುಜಕ್ಕೆ ಎಳೆಯಬೇಕು. ಆಮೇಲೆ ಒಂದು ಕೀಫ್ರೇಮಿನಲ್ಲಿ ಮಾತ್ರ ಎಳೆದರೆ ಟ್ವೀನ್ ನಡೆಯುವಾಗ, ಅಂದರೆ ನಡುವಿನ ಫ್ರೇಮುಗಳನ್ನು ಸಾಫ್ಟ್‌ವೇರ್ ತಾನೇ ತುಂಬುವಾಗ, ಕೈ ಜಾರುತ್ತದೆ.

ಕೀಲು ಸರಿಯಾಯಿತು. ಇನ್ನು ಕುಣಿಸುವುದು. ಅನಿಮೇಟ್ ಮೋಡ್ ಆನ್ ಮಾಡಿ, ವೇಪಾಯಿಂಟ್ ಬಗೆಯನ್ನು ಕ್ಲ್ಯಾಂಪ್ಡ್ ಎಂದು ಇಟ್ಟುಕೊಳ್ಳಿ. ಟಿಸಿಬಿ ಎಂಬ ಇನ್ನೊಂದು ಬಗೆ ಇಟ್ಟರೆ ಕೈ ನಿಂತಂತೆ ಮಾಡಿ ಒಂಚೂರು ತೂಗಾಡುವುದುಂಟು. ನಾನು ಕೊಡುವ ಲೆಕ್ಕ ಇದು. ಸೊನ್ನೆಯಲ್ಲಿ ಕೈ ಕೆಳಗೆ. 4ನೇ ಫ್ರೇಮಿನಲ್ಲಿ ಭುಜ ಸ್ವಲ್ಪ ಹಿಂದಕ್ಕೆ, ಎಂಟು ಡಿಗ್ರಿ ಸಾಕು. ನಾವೂ ಕೈ ಬೀಸುವ ಮೊದಲು ಹಾಗೇ ಮಾಡುತ್ತೇವೆ, ಗಮನಿಸಿರುವುದಿಲ್ಲ. 12ರಲ್ಲಿ ಕೈ ಮೇಲೆ. 52ರ ತನಕ ಅಲ್ಲೇ. 64ರಲ್ಲಿ ಕೆಳಗೆ, 72ರಲ್ಲೂ ಕೆಳಗೆ.

ಆ "ಅಲ್ಲೇ" ಎನ್ನುವುದಕ್ಕೆ ಎರಡು ವೇಪಾಯಿಂಟ್ ಬೇಕು. 12ರದ್ದನ್ನು ಡೂಪ್ಲಿಕೇಟ್ ಮಾಡಿ 52ಕ್ಕೆ ಇಡಿ. ಇಡದಿದ್ದರೆ 12ರಿಂದಲೇ ಕೈ ಮೆಲ್ಲಗೆ ಇಳಿಯಲು ಶುರು, ಬೆಳಗಿನಿಂದ ಉಪವಾಸ ಇದ್ದವರ ಹಾಗೆ. ಕೈ ಮೇಲಿರುವ ಹೊತ್ತಿನಲ್ಲಿ ಮೊಣಕೈಯನ್ನು ಆರೇಳು ಫ್ರೇಮಿಗೊಮ್ಮೆ ಆಚೆ ಈಚೆ ಆಡಿಸಿ, ಮೂರು ಸಲ ಸಾಕು. ಮುಂಗೈ ಭುಜಕ್ಕಿಂತ ಎರಡು ಫ್ರೇಮ್ ತಡವಾಗಿ ಹೊರಡಲಿ. ಎರಡೂ ಒಟ್ಟಿಗೆ ಹೊರಟರೆ ರೈಲ್ವೆ ಗೇಟು ಎದ್ದಂತೆ ಕಾಣುತ್ತದೆ. ಮೊದಲ ಮತ್ತು ಕೊನೆಯ ಫ್ರೇಮಿನ ಕೋನ ಒಂದೇ ಇರಬೇಕು, ಇಲ್ಲದಿದ್ದರೆ ಮತ್ತೆ ಮತ್ತೆ ಓಡುವಾಗ ಪ್ರತಿ ಸಲ ಎಗರುತ್ತದೆ.

ಎಲ್ಲ ಆದ ಮೇಲೆ ಎಫ್9 ಒತ್ತಿ ರೆಂಡರ್ ಮಾಡಿ, ಅಂದರೆ ಓಡುವ ಫೈಲಾಗಿ ಹೊರಗೆ ತೆಗೆಯಿರಿ. ಎಲ್ಲರೂ ಸುಮ್ನೆ ಜಿಐಎಫ್ ಆರಿಸುತ್ತಾರೆ. ನಾನು ಆರಿಸುವುದಿಲ್ಲ. ಅದು 1987ರ ಕಾಲದ್ದು, ಒಂದು ಫ್ರೇಮಿಗೆ 256 ಬಣ್ಣ ಮಾತ್ರ. ಅರೆಪಾರದರ್ಶಕ ಅಂಚು ಅದಕ್ಕೆ ಗೊತ್ತಿಲ್ಲ, ಹಾಗಾಗಿ ಅಜ್ಜನ ಪಟಗದ ಸುತ್ತ ಇಲಿ ಕಡಿದಂತೆ ಕಾಣುತ್ತದೆ. ಫೈಲೂ ದಪ್ಪ. ಎಂಪಿ4 ಅಥವಾ ವೆಬ್ಎಂ ವಿಡಿಯೋ ಮಾಡಿ, ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಹಗುರ ಆಗುತ್ತದೆ. ಎಂಪಿ4ನಲ್ಲಿ ಹಿನ್ನೆಲೆ ಪಾರದರ್ಶಕ ಇರುವುದಿಲ್ಲ, ಆದ್ದರಿಂದ ಗೊಂಬೆಯ ಹಿಂದೆ ವೆಬ್ ಪುಟದ ಬಣ್ಣವನ್ನೇ ಹಾಕಿಬಿಡಿ.

ಪುಟಕ್ಕೆ ಹಾಕುವಾಗ ಎಚ್‌ಟಿಎಂಎಲ್‌ನ ವಿಡಿಯೋ ಟ್ಯಾಗ್‌ನಲ್ಲಿ ಆಟೋಪ್ಲೇ (autoplay) ಜೊತೆ ಮ್ಯೂಟೆಡ್ (muted), ಲೂಪ್ (loop), ಪ್ಲೇಸ್‌ಇನ್‌ಲೈನ್ (playsinline) ಮೂರನ್ನೂ ಬರೆಯಿರಿ. ಮ್ಯೂಟ್ ಇಲ್ಲದ ವಿಡಿಯೋವನ್ನು ಬ್ರೌಸರ್‌ಗಳು ಸಾಮಾನ್ಯವಾಗಿ ತಾವಾಗಿ ಓಡಿಸುವುದಿಲ್ಲ. ಕೊನೆಯದನ್ನು ಬಿಟ್ಟರೆ ಐಫೋನ್‌ನಲ್ಲಿ ಅಜ್ಜ ಇಡೀ ಪರದೆ ತುಂಬಿಕೊಂಡು ಬಂದು ನಿಲ್ಲುತ್ತಾನೆ. ಮಿರ್ಚಿ ಅಂಗಡಿಯವರು ಈಗ ಒಗ್ಗರಣೆ ಮಿರ್ಚಿಯಿಂದಲೂ ಹೊಗೆ ಏಳಬೇಕು ಎನ್ನುತ್ತಿದ್ದಾರಂತೆ. ಹುಡುಗ ಭಾನುವಾರ ಮತ್ತೆ ಬರುತ್ತೇನೆ ಅಂದಿದ್ದಾನೆ.