ಕೊಡಗಿನ ಕಥೆಯನ್ನು ಸೀರೀಸ್ ಮಾಡುವ ಮುಂಚೆ: ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು

ಕೊಡಗಿನ ಮೇಲೆ ಟಿವಿ ಸೀರೀಸ್ ಬರೆಯಲು ಕೂತವರ ಮೊದಲ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ತಲಕಾವೇರಿ ತೀರ್ಥೋದ್ಭವ, ಆಯುಧ ಪೂಜೆಯ ಕೈಲ್ ಮುಹೂರ್ತ, ಹೊಸ ಭತ್ತದ ಕದಿರು ಮನೆಗೆ ತರುವ ಪುತ್ತರಿ, ಮಡಿಕೇರಿ ದಸರಾದ ಹತ್ತು ಮಂಟಪ, ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ, ಸೇನಾ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ, ದುಬಾರೆ ಆನೆ, ಕಾಫಿ ಹೂವು, 1834ರಲ್ಲಿ ಗದ್ದುಗೆ ಕಳೆದುಕೊಂಡ ಚಿಕ್ಕವೀರರಾಜೇಂದ್ರ, 2018ರ ಭೂಕುಸಿತ. ಎಲ್ಲವೂ ನಮ್ಮದೇ, ಎಲ್ಲದರ ಮೇಲೂ ಪ್ರೀತಿ ಇದೆ. ಆದರೆ 40 ನಿಮಿಷದ 8 ಎಪಿಸೋಡ್ ಅಂದರೆ ಕೈಯಲ್ಲಿರುವುದು 320 ನಿಮಿಷ ಅಷ್ಟೇ. ಅದರಲ್ಲಿ ಇಷ್ಟನ್ನೂ ತುರುಕಿದರೆ ನೋಡುವವರಿಗೆ ಊರು ಸುತ್ತಿದ ಹಾಗಾಗುತ್ತದೆ, ಯಾರ ಕಷ್ಟವೂ ಮನಸ್ಸಿಗೆ ತಟ್ಟುವುದಿಲ್ಲ.

ಹಾಗಾಗಿ ಪಟ್ಟಿ ಪಕ್ಕಕ್ಕಿಡಿ. ಒಂದೇ ಒಂದು ವಾಕ್ಯ ಬರೆಯಿರಿ: ಯಾರಿಗೆ ಏನು ಬೇಕು, ಅಡ್ಡ ಇರುವುದು ಯಾವುದು? ಉದಾಹರಣೆಗೆ ಹೀಗಿಟ್ಟುಕೊಳ್ಳೋಣ. ಅಣ್ಣನಿಗೆ ತೋಟದ ತನ್ನ ಪಾಲು ಮಾರಬೇಕು, ತಂಗಿಗೆ ಉಳಿಸಿಕೊಳ್ಳಬೇಕು, ಜಾಗ ಜಮ್ಮಾ, ಅಂದರೆ ಇಡೀ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ, ಪಹಣಿಯಲ್ಲಿ ಇನ್ನೂ ತೀರಿಕೊಂಡ ಅಜ್ಜನೇ ಪಟ್ಟೇದಾರ (ಕುಟುಂಬದ ಪರವಾಗಿ ಹೆಸರಿರುವ ಹಿರಿಯ). ಇಷ್ಟು ಸಿಕ್ಕರೆ ಸಾಕು. ಇನ್ನು ಪ್ರತಿ ಸೀನನ್ನೂ ಒಂದೊಂದು ಕಾರ್ಡಿನಲ್ಲಿ ಬರೆದು ಕೇಳಿ: ಈ ಸೀನ್ ತೆಗೆದರೆ ಮುಂದೆ ಯಾರ ನಿರ್ಧಾರವಾದರೂ ಬದಲಾಗುತ್ತಾ? ಆಗುವುದಿಲ್ಲ ಅಂದರೆ ಎಷ್ಟು ಚೆಂದ ಇದ್ದರೂ ಬಿಡಿ.

ಹಬ್ಬದಿಂದಲೇ ಶುರು ಮಾಡಿ, ಕೈ ಬಿಡಲು ಜಾಸ್ತಿ ಕಷ್ಟ ಆಗುವುದು ಅಲ್ಲೇ. ಕೊಡವರ ಮೂರು ಹಬ್ಬದಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ ಅಂತೀನಿ ನಾನು. ಈ ಕಥೆಗೆ ಪುತ್ತರಿ. ಯಾಕೆಂದರೆ ಆವತ್ತು ಇಡೀ ಒಕ್ಕ (ಮನೆತನದವರೆಲ್ಲ) ಪೂರ್ವಜರ ಮನೆಯಾದ ಐನ್‌ಮನೆಗೆ ಬರಬೇಕು. ಮಾತು ಬಿಟ್ಟ ಅಣ್ಣ ತಂಗಿ ಅಲ್ಲಿನ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಒಂದೇ ದೀಪದ ಮುಂದೆ ನಿಲ್ಲಲೇಬೇಕು, ಸುಮ್ನೆ ಎದ್ದು ಹೋಗುವ ಹಾಗಿಲ್ಲ. ಹಿರಿಯರು ಕುಡುಗೋಲು ಯಾರ ಕೈಗೆ ಕೊಡುತ್ತಾರೆ ಅಂತ ಎಲ್ಲರೂ ನೋಡುತ್ತಾ ಇರುತ್ತಾರೆ. ಮಾರಲು ಹೊರಟ ಅಣ್ಣನ ಕೈಗೇ ಕೊಟ್ಟರೆ? ಅವನು ಗದ್ದೆಗೆ ಇಳಿದು ಕದಿರು ಕೊಯ್ಯುವಾಗ, ಉಳಿದವರು "ಪೊಲಿ ಪೊಲಿ ದೇವಾ" (ಹೆಚ್ಚಲಿ ದೇವರೇ) ಅಂತ ಕೂಗುವಾಗ, ತಂಗಿ ಮಾತ್ರ ಬಾಯಿ ತೆರೆಯುವುದಿಲ್ಲ. ಹಬ್ಬದ ವಿವರಣೆಯೂ ಬಂತು, ಜಗಳವೂ ಮುಂದೆ ಹೋಯಿತು. ತೀರ್ಥೋದ್ಭವದಲ್ಲಿ ಈ ಕಥೆಗೆ ಬೇಕಾದ ಇಂಥ ಗಳಿಗೆ ಇಲ್ಲ, ಆದ್ದರಿಂದ ಅದು ಹೊರಗೆ.

ಒಂದು ಎಚ್ಚರಿಕೆ. ಕದಿರು ತೆಗೆಯುವ ಮುಂಚೆ ಕೋವಿಯಲ್ಲಿ ಗುಂಡು ಹಾರಿಸುವುದು ನಮಗೆ ಸಹಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿಯೂ ಇದೆ. ಆದರೆ ಹೊರಗಿನವರು ಜಗಳದ ಮನೆಯಲ್ಲಿ ಕೋವಿ ನೋಡಿದ ತಕ್ಷಣ ಯಾರೋ ಸಾಯುತ್ತಾರೆ ಅಂತ ಕಾಯಲು ಶುರು ಮಾಡುತ್ತಾರೆ. ಕಥೆಯಲ್ಲಿ ಅದು ಇಲ್ಲದಿದ್ದರೆ ಕೋವಿಯನ್ನು ಕ್ಯಾಮೆರಾ ಮುಂದೆ ತರಬೇಡಿ. ಸದ್ದು ದೂರದಿಂದ ಕೇಳಿಸಿದರೆ ಸಾಕು.

2018ರ ವಿಷಯಕ್ಕೆ ಬರೋಣ. ಜಗಳ ಬಿಡಿಸಲು ದಾರಿ ಕಾಣದೆ ಕೊನೆಯ ಎಪಿಸೋಡಿನಲ್ಲಿ ಗುಡ್ಡ ಬೀಳಿಸಿ ಎಲ್ಲರನ್ನೂ ಅಳಿಸಿ ಒಂದು ಮಾಡುವುದು, ಇದನ್ನು ದಯವಿಟ್ಟು ಮಾಡಬೇಡಿ. ಆ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಮನೆ ಮಠ ಕಳೆದುಕೊಂಡವರು ಇವತ್ತೂ ಇದನ್ನು ನೋಡುತ್ತಾರೆ. ಭೂಕುಸಿತ ಬೇಕೇ ಬೇಕು ಅಂದರೆ ಮೂರನೇ ಎಪಿಸೋಡಿಗೆ ತನ್ನಿ. ಗುಡ್ಡ ಜಾರುವುದನ್ನು ಅರ್ಧ ನಿಮಿಷಕ್ಕಿಂತ ಜಾಸ್ತಿ ತೋರಿಸಬೇಡಿ. ಆಮೇಲಿನದ್ದರಲ್ಲೇ ನಿಜವಾದ ಕಥೆ ಇರುವುದು. ಸರ್ವೇಯರ್ ಬರುತ್ತಾನೆ, ನಕ್ಷೆ ಬಿಡಿಸುತ್ತಾನೆ, ಗಡಿ ಕಲ್ಲು ಹುಡುಕುತ್ತಾನೆ. ಕಲ್ಲೇ ಇಲ್ಲ. ನೀರು ಹರಿಯುವ ತೋಡು ಇದ್ದ ಜಾಗದಲ್ಲಿ ಕೆಸರು, ಮೇಲಿನ ತೋಟದ ಸಿಲ್ವರ್ ಓಕ್ ಮರಗಳು ಕೆಳಗಿನ ಗದ್ದೆಯಲ್ಲಿ ಮಲಗಿವೆ. ಅಣ್ಣ ಮಾರಬೇಕೆಂದಿದ್ದ ಪಾಲು ಯಾವುದು, ತಂಗಿ ಉಳಿಸಬೇಕೆಂದಿದ್ದ ಪಾಲು ಯಾವುದು, ಇಬ್ಬರಿಗೂ ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಈ ಒಂದು ಸೀನಿನಿಂದ ಉಳಿದ ಐದು ಎಪಿಸೋಡ್ ನಡೆಯುತ್ತವೆ.

ಪಾತ್ರ ಜಾಸ್ತಿಯಾದಾಗ ಬರೆಯುವವರು ಮೊದಲು ಕೈ ಹಾಕುವುದು ಲೈನ್ ಮನೆಯವರ, ಅಂದರೆ ತೋಟದಲ್ಲೇ ಇರುವ ಕೂಲಿಕಾರರ, ಮೇಲೆ. ಅದು ತಪ್ಪು. ತೋಟ ಮಾರಾಟವಾದರೆ ಮೊದಲು ಸೂರು ಹೋಗುವುದು ಅಲ್ಲಿರುವ ಎರವ ಬುಡಕಟ್ಟಿನ ಕುಟುಂಬಕ್ಕೆ, ಅಣ್ಣನಿಗಲ್ಲ. ಅವರನ್ನು ತೆಗೆದರೆ ಜಗಳದ ಬೆಲೆ ಅರ್ಧ ಆಗುತ್ತದೆ. ಬೇಕಿದ್ದರೆ, ಬೆಂಗಳೂರಿನಲ್ಲಿರುವ ಇನ್ನೊಬ್ಬ ತಮ್ಮನನ್ನೂ ಬರೆದಿದ್ದರೆ, ಅವನನ್ನು ತೆಗೆದು, ಅವನು ಹೇಳಬೇಕಾದ ಮಾತನ್ನು ಅತ್ತಿಗೆಯ ಬಾಯಲ್ಲಿ ಹೇಳಿಸಿ. ಒಂದೇ ಕೆಲಸ ಮಾಡುವ ಇಬ್ಬರಿದ್ದರೆ ಒಬ್ಬರಾಗಿಸುವುದು ಒಳ್ಳೆಯದು. ಆ ಅತ್ತಿಗೆಗೂ ಇದರಿಂದ ಜೀವ ಬರುತ್ತದೆ.

ಇತಿಹಾಸ? ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ಲಂಡನ್ನಿನಲ್ಲಿ ಕ್ರೈಸ್ತಳಾದದ್ದು, ವಿಕ್ಟೋರಿಯಾ ರಾಣಿಯೇ ಅವಳ ಜ್ಞಾನಮಾತೆ (ಗಾಡ್ ಮದರ್) ಆದದ್ದು ಎಂಥ ಕಥೆ ಅಲ್ವಾ. ಅದಕ್ಕೇ ಬೇರೆ ಸೀರೀಸ್ ಬೇಕು. ತೋಟದ ಕಥೆಯೊಳಗೆ ಫ್ಲ್ಯಾಶ್‌ಬ್ಯಾಕ್ ಮಾಡಿ ಐದು ನಿಮಿಷದಲ್ಲಿ ಮುಗಿಸಿದರೆ ಎರಡಕ್ಕೂ ಅನ್ಯಾಯ.

ಮಾತಿನ ವಿಷಯ ಚಿಕ್ಕದು. ಯಾರ ಮನೆಯಲ್ಲಿ ಕೊಡವ ತಕ್ಕ್, ಯಾರ ಮನೆಯಲ್ಲಿ ಅರೆಭಾಷೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಸಂಭಾಷಣೆ ಕನ್ನಡದಲ್ಲೇ ಇರಲಿ, ಬೈಯುವಾಗ, ಮಗುವನ್ನು ಕರೆಯುವಾಗ ಮನೆಮಾತು ಬರಲಿ. ಐನ್‌ಮನೆ ಅಂದರೇನು ಅಂತ ಪಾತ್ರದ ಬಾಯಲ್ಲಿ ಪಾಠ ಮಾಡಿಸುವ ಸಾಲುಗಳನ್ನೆಲ್ಲ ಹೊಡೆದುಹಾಕಿ.

ಇನ್ನು ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಸೀನ್ ಪಟ್ಟಿಯನ್ನು ಮತ್ತೊಂದು ಸಲ ಓದಿ. ಕಾಫಿ ಹೂವು ಬಿಡಿಸುವ ಹೂಮಳೆ ಮಾರ್ಚ್, ಏಪ್ರಿಲ್ ಸುಮಾರಿಗೆ ಬೀಳುತ್ತದೆ, ಬಿದ್ದು ಎಂಟು ಹತ್ತು ದಿನಕ್ಕೆ ಹೂವು ಬಿಡುತ್ತದೆ, ಮೂರು ನಾಲ್ಕು ದಿನದಲ್ಲಿ ಬಾಡುತ್ತದೆ. ಹೂವಿನ ನಡುವೆಯೇ ನಡೆಯಬೇಕಾದ ದೊಡ್ಡ ಸಂಭಾಷಣೆ ಬರೆದಿದ್ದರೆ ಇಡೀ ಯೂನಿಟ್ ಮಳೆಗಾಗಿ ಕಾಯಬೇಕು. ಮಾತನ್ನು ಅಡುಗೆಮನೆಗೆ ತನ್ನಿ, ಹೂವನ್ನು ಚಿಕ್ಕ ಯೂನಿಟ್ ಹೋಗಿ ತೆಗೆದುಕೊಂಡು ಬರಲಿ. ಮಳೆಗಾಲದ ಸೀನೂ ಹಾಗೆಯೇ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಹೊರಗೆ ಮೈಕ್ ಇಟ್ಟು ಮಾತು ಹಿಡಿಯುವುದು ಬಹಳ ಕಷ್ಟ. ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಯಜಮಾನರಿಗೆ ನಿಮ್ಮ ಜೊತೆ ನಿಲ್ಲಲು ಪುರುಸೊತ್ತಿರುವುದಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಡೈಲಿ ಸೀರಿಯಲ್ ಆದರೆ ಲೆಕ್ಕ ಬೇರೆ. ಅಲ್ಲಿ ನೂರಾರು ಎಪಿಸೋಡ್ ಓಡಬೇಕು, ಆದ್ದರಿಂದ ಇಲ್ಲಿ ಬಿಟ್ಟ ತಮ್ಮ, ಬಿಟ್ಟ ಹಬ್ಬ ಎಲ್ಲ ಅಲ್ಲಿ ಒಂದೊಂದು ಟ್ರ್ಯಾಕ್ ಆಗಬಹುದು. ಬಿಟ್ಟ ಕಾರ್ಡುಗಳನ್ನು ಎಸೆಯಬೇಡಿ, ಬೇರೆ ಡಬ್ಬಿಯಲ್ಲಿ ಇಡಿ.

ದುಡ್ಡು ಕಡಿಮೆ ಬಿದ್ದಾಗ ಯಾವುದು ಮೊದಲು ಹೋಗಬೇಕು ಅಂತಲೂ ಈಗಲೇ ಬರೆದಿಡಿ. ಆಮೇಲೆ ಗಡಿಬಿಡಿಯಲ್ಲಿ ನಿರ್ಧಾರ ಮಾಡಿದರೆ ಒಳ್ಳೆಯ ಸೀನೇ ಹೋಗುತ್ತದೆ. ಮೇಲಿನ ಕಥೆಯಲ್ಲಿ ನಾನಾದರೆ ಮೊದಲು ಆನೆ ತೋಟಕ್ಕೆ ನುಗ್ಗುವ ಸೀನ್ ಇದ್ದರೆ ಅದನ್ನು, ಆಮೇಲೆ ಆಸ್ಪತ್ರೆಯ ಸೀನ್ ಇದ್ದರೆ ಅದನ್ನು, ಆಮೇಲೆ ಗುಡ್ಡ ಜಾರುವ ಆ ಅರ್ಧ ನಿಮಿಷವನ್ನೂ ಬಿಡುತ್ತೇನೆ. ಸರ್ವೇಯರ್ ಕಲ್ಲು ಹುಡುಕುವ ಸೀನನ್ನು ಮಾತ್ರ ಮುಟ್ಟಲು ಬಿಡುವುದಿಲ್ಲ. ಅದಕ್ಕೆ ಬೇಕಾಗಿರುವುದು ಮೂರು ಜನ, ಒಂದು ನಕ್ಷೆ, ಒಂದಿಷ್ಟು ಕೆಸರು.