ಸತ್ತ ಮೇಲೆ ಏನು? ನಾನೀಗ ಆಡುತ್ತಿರುವ ಮೂರು ಗೇಮ್‌ಗಳು

ಸದ್ಯ ನಾನು ಮೂರು ಗೇಮ್‌ಗಳನ್ನು ಒಟ್ಟಿಗೆ ಆಡುತ್ತಿದ್ದೇನೆ: ಸೆಲೆಸ್ಟ್, ಹಾಲೋ ನೈಟ್, ಔಟರ್ ವೈಲ್ಡ್ಸ್. ಯಾವುದೂ ಹೊಸದಲ್ಲ. ಹಾಲೋ ನೈಟ್ ಬಂದದ್ದು 2017ರಲ್ಲಿ, ಸೆಲೆಸ್ಟ್ 2018ರಲ್ಲಿ, ಔಟರ್ ವೈಲ್ಡ್ಸ್ 2019ರಲ್ಲಿ. ಮೂರನ್ನೂ ಮಾಡಿದ್ದು ಸಣ್ಣ ತಂಡಗಳು. ಒಂದು ಬೆಟ್ಟ ಹತ್ತುವ ಆಟ. ಒಂದು ನೆಲದಡಿಯ ಹುಳುಗಳ ರಾಜ್ಯ ಸುತ್ತುವ ಆಟ. ಇನ್ನೊಂದು ಪುಟ್ಟ ಸೌರಮಂಡಲದಲ್ಲಿ ಗ್ರಹದಿಂದ ಗ್ರಹಕ್ಕೆ ಹಾರುವ ಆಟ.

ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ ಒಂದಾದ ಮೇಲೊಂದು ಆಡುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೂರರಲ್ಲೂ ಪದೇ ಪದೇ ಸಾಯುತ್ತೇವೆ. ಸತ್ತಿದ್ದಕ್ಕೆ ಮೂರೂ ಕೇಳುವ ಬೆಲೆ ಮಾತ್ರ ಬೇರೆ ಬೇರೆ. ಆ ಬೆಲೆ ಎಷ್ಟು ಅನ್ನುವುದರ ಮೇಲೆ ನಾನು ಆಡುವ ರೀತಿಯೇ ಬದಲಾಗಿದೆ. ಯಾವಾಗ ಆಡೋಕೆ ಕೂರುತ್ತೇನೆ, ಎಷ್ಟು ಹೊತ್ತು ಕೂರುತ್ತೇನೆ, ಯಾವಾಗ ಎದ್ದು ಹೋಗುತ್ತೇನೆ ಎಲ್ಲವೂ.

ಸೆಲೆಸ್ಟ್‌ನಲ್ಲಿ ಸಾವು ತುಂಬಾ ಅಗ್ಗ. ಮ್ಯಾಡೆಲಿನ್ ಅನ್ನುವ ಹುಡುಗಿ ಬೆಟ್ಟ ಹತ್ತುತ್ತಾಳೆ. ಅವಳಿಗೆ ಬರುವುದು ಮೂರೇ: ಜಿಗಿಯುವುದು, ಗೋಡೆ ಹಿಡಿದು ಏರುವುದು, ಗಾಳಿಯಲ್ಲಿ ಒಂದು ಸಲ ರಭಸದಿಂದ ನುಗ್ಗುವುದು, ಅಂದರೆ ಡ್ಯಾಶ್ ಮಾಡುವುದು. ಡ್ಯಾಶ್ ಬಳಸಿದರೆ ಅವಳ ಕೆಂಪು ಕೂದಲು ನೀಲಿಯಾಗುತ್ತದೆ, ನೆಲ ಮುಟ್ಟಿದರೆ ಮತ್ತೆ ಕೆಂಪು. ಮುಳ್ಳು ತಾಗಿದರೆ ಸಾಯುತ್ತಾಳೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದೇ ಸ್ಕ್ರೀನಿನ ಶುರುವಿನಲ್ಲಿ ಮತ್ತೆ ನಿಂತಿರುತ್ತಾಳೆ. ಲೋಡಿಂಗ್ ಇಲ್ಲ. ಇಷ್ಟೇ ಲೈಫ್ ಅನ್ನುವ ಲೆಕ್ಕವಿಲ್ಲ. ಎಷ್ಟು ಸಲ ಸತ್ತಿರಿ ಅಂತ ಆಟ ಎಣಿಸಿಕೊಳ್ಳುತ್ತದೆ ನಿಜ, ಆದರೆ ಅದು ದಂಡವಲ್ಲ. ಸತ್ತಷ್ಟೂ ಕಲಿಯುತ್ತಿದ್ದೀರಿ, ಹೆಮ್ಮೆಪಡಿ ಅಂತ ಆಟವೇ ಒಂದು ಕಡೆ ಹೇಳುತ್ತದೆ.

ಹಾಗಾಗಿ ಹೊಸ ಸ್ಕ್ರೀನ್ ಬಂದಾಗ ಮೊದಲ ಕೆಲವು ಸಲ ದಾಟುವ ಯೋಚನೆಯನ್ನೇ ಬಿಡುತ್ತೇನೆ. ಸುಮ್ನೆ ಹಾರಿ ನೋಡುತ್ತೇನೆ. ಆ ಹಲಗೆ ಎಷ್ಟು ಬೇಗ ಕುಸಿಯುತ್ತದೆ? ಹಸಿರು ಹರಳಿನ ತನಕ ಒಂದೇ ಡ್ಯಾಶ್ ಸಾಕಾಗುತ್ತದಾ? ಆ ಹರಳು ಮುಟ್ಟಿದರೆ ಡ್ಯಾಶ್ ವಾಪಸ್ ಬರುತ್ತದೆ, ಆದ್ದರಿಂದ ದಾರಿಯ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿರುತ್ತದೆ. ಆಮೇಲೆ ಕೊನೆಯಿಂದ ಶುರುವಿನ ಕಡೆಗೆ ಯೋಚಿಸುತ್ತೇನೆ. ಕೊನೆಯ ಜಿಗಿತಕ್ಕೆ ಡ್ಯಾಶ್ ಬೇಕು ಅಂದರೆ ಅದಕ್ಕೂ ಮೊದಲು ಹರಳು ಎಲ್ಲಿ ಸಿಗಬೇಕು, ಅಲ್ಲಿಗೆ ಯಾವ ಕಡೆಯಿಂದ ಬರಬೇಕು. ಸಾಯುವುದು ಇಷ್ಟು ಅಗ್ಗವಾಗಿದ್ದರಿಂದಲೇ ಈ ರೀತಿ ಹುಡುಕುವ ಧೈರ್ಯ ಬರುತ್ತದೆ.

ಸೆಲೆಸ್ಟ್ ಕಷ್ಟದ ಆಟ ಅಂತ ಎಲ್ಲರೂ ಹೇಳುತ್ತಾರೆ. ಅದು ಎಷ್ಟು ಕರುಣೆಯ ಆಟ ಅನ್ನುವುದು ಆಡಿದಾಗಲೇ ಗೊತ್ತಾಗೋದು. ಹಲಗೆಯ ಅಂಚು ಬಿಟ್ಟು ಕೆಳಗೆ ಬೀಳಲು ಶುರುವಾದ ಮೇಲೂ ಒಂದು ಕ್ಷಣ ಜಂಪ್ ಬಟನ್ ಕೆಲಸ ಮಾಡುತ್ತದೆ. ಗೇಮ್ ಮಾಡುವವರು ಇದಕ್ಕೆ ಕಯೋಟಿ ಟೈಮ್ ಅನ್ನುತ್ತಾರೆ. ನೆಲ ಮುಟ್ಟುವ ಸ್ವಲ್ಪ ಮೊದಲೇ ಬಟನ್ ಒತ್ತಿದರೂ ಆಟ ಅದನ್ನು ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಹಾರಿಸುತ್ತದೆ. ತಲೆ ಮೂಲೆಗೆ ತಗುಲಿದರೆ ಪಕ್ಕಕ್ಕೆ ಸರಿಸಿ ಮೇಲಕ್ಕೆ ಬಿಡುತ್ತದೆ. ಇದೆಲ್ಲ ಕಣ್ಣಿಗೆ ಕಾಣಿಸುವುದಿಲ್ಲ. ನನ್ನ ಕೈ ಚುರುಕಾಯಿತು ಅಂತಲೇ ಅನ್ನಿಸುತ್ತದೆ. ಆಟ ಹಿಂದಿನಿಂದ ಕೈ ಹಿಡಿದಿದೆ ಅಂತ ಗೊತ್ತಾದ ಮೇಲೆ ನನಗೆ ಅದರ ಮೇಲೆ ಪ್ರೀತಿ ಜಾಸ್ತಿಯೇ ಆಯಿತು.

ಇದನ್ನು ಆಡುವವರಿಗೆ ಎರಡು ಮಾತು. ಡ್ಯಾಶ್ ಎಂಟು ದಿಕ್ಕಿಗೆ ಹೋಗುತ್ತದೆ. ಸ್ಟಿಕ್ ಬದಲು ಕಂಟ್ರೋಲರಿನ ಡಿ-ಪ್ಯಾಡ್, ಅಂದರೆ ಕೂಡಿಸುವ ಗುರುತಿನ ಆಕಾರದ ದಿಕ್ಕಿನ ಬಟನ್, ಬಳಸಿದರೆ ದಿಕ್ಕು ತಪ್ಪುವುದು ಕಡಿಮೆ. ಟಿವಿಯಲ್ಲಿ ಆಡುತ್ತಿದ್ದರೆ ಅದರ ಗೇಮ್ ಮೋಡ್ ಆನ್ ಮಾಡಿ. ಚಿತ್ರವನ್ನು ಚಂದ ಮಾಡಲು ಟಿವಿ ತೆಗೆದುಕೊಳ್ಳುವ ಸಮಯ ಬಟನ್ ಒತ್ತಿದ್ದಕ್ಕೂ ಮ್ಯಾಡೆಲಿನ್ ಹಾರುವುದಕ್ಕೂ ನಡುವೆ ಬಂದು ಕೂರುತ್ತದೆ. ಆಟವನ್ನು ಸುಲಭ ಮಾಡಿಕೊಳ್ಳಲು ಇರುವ ಅಸಿಸ್ಟ್ ಮೋಡ್ ಬಗ್ಗೆ ನಾಚಿಕೆ ಪಡಬೇಡಿ ಅಂತಲೂ ಹೇಳಬೇಕು. ಆಟದ ವೇಗವನ್ನು ಅರ್ಧದವರೆಗೂ ಇಳಿಸಬಹುದು. ನಾನು ಕಷ್ಟದ ಸ್ಕ್ರೀನುಗಳಲ್ಲಿ ವೇಗ ಸ್ವಲ್ಪ ಇಳಿಸಿ, ಬೆರಳಿಗೆ ಲಯ ಕೂತ ಮೇಲೆ ಮತ್ತೆ ಪೂರ್ತಿ ವೇಗಕ್ಕೆ ಬರುತ್ತೇನೆ. ಸಂಗೀತ ಕಲಿಯುವಾಗ ವಿಳಂಬದಲ್ಲಿ ಹಾಡಿ ಆಮೇಲೆ ಕಾಲ ಏರಿಸುತ್ತಾರಲ್ಲ, ಹಾಗೆ.

ಇದೇ ಆಟ ಮುಂದೆ ಒಂದು ಕಡೆ ಬೆಲೆಯನ್ನು ಪೂರ್ತಿ ಬದಲಿಸುತ್ತದೆ. ಸಾಕಷ್ಟು ಮುಂದೆ ಹೋದ ಮೇಲೆ ಅಧ್ಯಾಯಗಳ ಶುರುವಿನಲ್ಲಿ ಚಿನ್ನದ ಸ್ಟ್ರಾಬೆರಿ ಕಾಣಿಸಿಕೊಳ್ಳುತ್ತದೆ. ಅದನ್ನು ಎತ್ತಿಕೊಂಡರೆ ಅಧ್ಯಾಯದ ಕೊನೆಯವರೆಗೂ ಒಂದು ಸಲವೂ ಸಾಯುವಂತಿಲ್ಲ. ಸತ್ತರೆ ಮೊದಲಿನಿಂದ. ನಾನೀಗ ಮೊದಲ ಅಧ್ಯಾಯದ ಚಿನ್ನದ ಸ್ಟ್ರಾಬೆರಿಯ ಹಿಂದೆ ಬಿದ್ದಿದ್ದೇನೆ. ಮುಳ್ಳುಗಳು ಅವೇ, ಜಿಗಿತಗಳು ಅವೇ, ಕಣ್ಣು ಮುಚ್ಚಿಕೊಂಡು ದಾಟಬಲ್ಲ ಸ್ಕ್ರೀನುಗಳು ಅವೇ. ಆದರೂ ಕೊನೆ ಹತ್ತಿರ ಬಂದಂತೆ ಹೆಬ್ಬೆರಳು ಬಿಗಿಯಾಗುತ್ತದೆ. ಸಾವಿನ ಬೆಲೆ ಏರಿಸಿದರೆ ಅದೇ ಜಾಗ ಬೇರೆ ಆಟವೇ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಲೋ ನೈಟ್ ಶುರುವಿನಿಂದಲೇ ಬೆಲೆ ಕೇಳುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಮಾಡಿದ ಆಟ ಇದು. ಹ್ಯಾಲೋನೆಸ್ಟ್ ಅನ್ನುವ ಪಾಳುಬಿದ್ದ ರಾಜ್ಯದೊಳಗೆ ಪುಟ್ಟ ಕತ್ತಿ ಹಿಡಿದ ಪುಟ್ಟ ವೀರ. ಆ ಕತ್ತಿಗೆ ನೇಲ್ ಅಂತ ಹೆಸರು. ಸತ್ತರೆ ಕೊನೆಯ ಸಲ ಕೂತಿದ್ದ ಬೆಂಚಿನಿಂದ ಮತ್ತೆ ಹೊರಡಬೇಕು. ಕೈಯಲ್ಲಿದ್ದ ಹಣ, ಅಂದರೆ ಜಿಯೋ, ಸತ್ತ ಜಾಗದಲ್ಲೇ ಉಳಿಯುತ್ತದೆ. ಅದನ್ನು ಕಾಯುತ್ತಾ ನಮ್ಮದೇ ಕಪ್ಪು ನೆರಳೊಂದು ತೇಲುತ್ತಿರುತ್ತದೆ. ಅಲ್ಲಿಗೆ ಹೋಗಿ ಅದರೊಡನೆ ಹೋರಾಡಿ ಗೆದ್ದರೆ ಜಿಯೋ ವಾಪಸ್. ದಾರಿಯಲ್ಲಿ ಮತ್ತೆ ಸತ್ತರೆ ಹಳೆಯ ಹಣ ಶಾಶ್ವತವಾಗಿ ಹೋಯಿತು. ಅಷ್ಟೇ ಅಲ್ಲ. ನೆರಳು ಸಿಗುವ ತನಕ ಸೋಲ್, ಅಂದರೆ ಗಾಯ ವಾಸಿಮಾಡಿಕೊಳ್ಳಲು ಬೇಕಾದ ಶಕ್ತಿ, ತುಂಬಿಕೊಳ್ಳುವ ಪಾತ್ರೆ ಒಡೆದಿರುತ್ತದೆ, ಅದರ ಮೂರನೇ ಒಂದು ಭಾಗ ಬಳಸಲು ಆಗುವುದಿಲ್ಲ. ಶತ್ರುವಿಗೆ ಮೂರು ಏಟು ಹೊಡೆದರೆ ಒಂದು ಸಲ ಗಾಯ ವಾಸಿಮಾಡಿಕೊಳ್ಳುವಷ್ಟು ಸೋಲ್ ಸಿಗುವ ಆಟ ಇದು. ಪಾತ್ರೆ ಚಿಕ್ಕದಾದರೆ ಕೂಡಿಡುವ ಗುಟುಕೂ ಕಡಿಮೆ. ಅಂದರೆ ಸೋತವರು ಮೊದಲಿಗಿಂತ ಬಲ ಕುಗ್ಗಿ ಹೊರಡುತ್ತಾರೆ.

ಇಲ್ಲಿ ಸುಮ್ನೆ ಹಾರಿ ನೋಡುವುದಕ್ಕೆ ಆಗುವುದಿಲ್ಲ. ಹಾಗಾಗಿ ಕೆಲವು ಅಭ್ಯಾಸ ಮಾಡಿಕೊಂಡಿದ್ದೇನೆ. ಗೊತ್ತಿಲ್ಲದ ಜಾಗಕ್ಕೆ ಇಳಿಯುವ ಮೊದಲು ಡರ್ಟ್‌ಮೌತ್ ಊರಿಗೆ ಬಂದು ಜಿಯೋ ಖರ್ಚು ಮಾಡುತ್ತೇನೆ. ನಕ್ಷೆಯ ಪಿನ್, ತಾಯಿತದ ಹಾಗೆ ಬಲ ಕೊಡುವ ಚಾರ್ಮ್, ಏನು ಬೇಕೋ ಅದು. ಜೇಬು ಖಾಲಿಯಾಗಿದ್ದರೆ ಕಾಲು ಹಗುರ. ಸತ್ತ ಮೇಲೆ ನೆರಳಿನ ಕಡೆಗೆ ಹೊರಟಾಗ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ. ದಾರಿಯ ಹುಳುಗಳ ಜೊತೆ ಜಗಳ ಕಾಯುವುದಿಲ್ಲ, ಹೊಸ ಬಾಗಿಲು ಇಣುಕುವುದಿಲ್ಲ. ನೆರಳು ಸಿಕ್ಕಿದ ಮೇಲೆ ಎಲ್ಲ.

ಬಾಸ್‌ಗಳ, ಅಂದರೆ ದೊಡ್ಡ ಶತ್ರುಗಳ, ವಿಷಯದಲ್ಲಿ ನನಗೆ ಉಪಯೋಗವಾಗಿದ್ದು ಹೊಡೆಯದೆ ನಿಲ್ಲುವುದು. ಮೊದಲ ಸುತ್ತಿನಲ್ಲಿ ನೇಲ್ ಎತ್ತುವುದೇ ಇಲ್ಲ. ತಪ್ಪಿಸಿಕೊಳ್ಳುತ್ತಾ ನೋಡುತ್ತೇನೆ. ಪ್ರತಿ ಬಾಸ್ ಏಟಿಗೆ ಮೊದಲು ಒಂದು ಸುಳಿವು ಕೊಡುತ್ತದೆ: ಮೈ ಬಗ್ಗಿಸುವುದು, ಒಂದು ಕೂಗು, ಚಿಕ್ಕ ನಿಲುಗಡೆ. ಯಾವ ಏಟು ಮುಗಿದ ಮೇಲೆ ಹೆಚ್ಚು ಹೊತ್ತು ಬಿಡುವು ಸಿಗುತ್ತದೆ ಅಂತ ಗುರುತಿಸಿಕೊಂಡರೆ ವಾಸಿಮಾಡಿಕೊಳ್ಳಲು ಅದೇ ಜಾಗ. ಅದಕ್ಕೆ ಬಟನ್ ಒತ್ತಿ ಹಿಡಿದು ನಿಂತಲ್ಲೇ ನಿಲ್ಲಬೇಕು. ಗಾಬರಿಯಲ್ಲಿ ಅದು ಆಗದ ಕೆಲಸ. ಮ್ಯಾಂಟಿಸ್ ಅನ್ನುವ ಹುಳುಗಳ ಹಳ್ಳಿಯ ಒಡೆಯರಾದ ಮ್ಯಾಂಟಿಸ್ ಲಾರ್ಡ್ಸ್ ಜೊತೆಗಿನ ಕಾದಾಟ ನನಗೆ ಈ ಆಟದಲ್ಲೇ ಅತಿ ಇಷ್ಟವಾದದ್ದು. ಮೊದಲು ಒಬ್ಬರು ಬರುತ್ತಾರೆ, ಅವರನ್ನು ಸೋಲಿಸಿದರೆ ಉಳಿದ ಇಬ್ಬರು ಒಟ್ಟಿಗೆ. ಮೂವರ ಏಟುಗಳೂ ಒಂದೇ. ಅಂದರೆ ಒಬ್ಬರಿಂದ ಕಲಿತ ಪಾಠವನ್ನು ಇಬ್ಬರ ಮುಂದೆ ಒಪ್ಪಿಸಬೇಕು. ಗೆದ್ದ ಮೇಲೆ, ಅಲ್ಲಿಯವರೆಗೂ ಕಂಡಲ್ಲೆಲ್ಲ ಮೈಮೇಲೆ ಬೀಳುತ್ತಿದ್ದ ಆ ಹಳ್ಳಿಯ ಮ್ಯಾಂಟಿಸ್‌ಗಳು ತಲೆಬಾಗಿ ದಾರಿ ಬಿಡುತ್ತವೆ. ಯಾವ ಬಹುಮಾನಕ್ಕಿಂತಲೂ ಅದು ದೊಡ್ಡದು ಅನ್ನಿಸಿತು.

ಆದರೆ ಒಂದು ತಕರಾರು ಇದೆ. ಸೋಲ್ ಮಾಸ್ಟರ್‌ನಂಥ ಕೆಲವು ಬಾಸ್‌ಗಳ ಬಳಿಗೆ ಬೆಂಚಿನಿಂದ ಹೋಗುವ ದಾರಿ ಉದ್ದ. ದಾರಿಯೂ ಕಾದಾಟದ ಭಾಗವೇ ಅಂತ ವಾದಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮೊದಲ ಒಂದೆರಡು ಸಲ ದಾರಿ ಏನೋ ಕಲಿಸುತ್ತದೆ. ಆಮೇಲೆ ಕಾದಾಟದಲ್ಲಿ ಕಲಿತದ್ದು ಅಲ್ಲಿಗೆ ಮತ್ತೆ ಮುಟ್ಟುವಷ್ಟರಲ್ಲಿ ಬೆರಳಿನಿಂದ ಜಾರಿಹೋಗಿರುತ್ತದೆ. ಜಿಯೋ ಕಳೆದರೆ ನನಗೆ ಬೇಜಾರಿಲ್ಲ. ಲಯ ಕಳೆದರೆ ಬೇಜಾರು.

ನಕ್ಷೆಯ ವಿಷಯ ಹೇಳದಿದ್ದರೆ ಆಗದು. ಹೊಸ ಪ್ರದೇಶಕ್ಕೆ ಹೋದಾಗ ನಕ್ಷೆ ಇರುವುದಿಲ್ಲ. ಕಾರ್ನಿಫರ್ ಅನ್ನುವ ನಕ್ಷೆಗಾರ ಎಲ್ಲೋ ಕೂತು ಗುನುಗುತ್ತಿರುತ್ತಾನೆ, ಅವನನ್ನು ಹುಡುಕಿ ಕೊಳ್ಳಬೇಕು. ನಾನು ಹೆಡ್‌ಫೋನ್ ಹಾಕಿಕೊಂಡೇ ಆಡುತ್ತೇನೆ, ಯಾಕೆಂದರೆ ಆ ಗುನುಗು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಎಲ್ಲಿದ್ದೇನೆ ಅಂತ ಗೊತ್ತಿಲ್ಲದೆ, ಬೆಂಚು ಎಲ್ಲಿದೆ ಅಂತಲೂ ಗೊತ್ತಿಲ್ಲದೆ, ಜೇಬಿನಲ್ಲಿ ತುಂಬಾ ಜಿಯೋ ಇಟ್ಟುಕೊಂಡು ಕತ್ತಲಲ್ಲಿ ನಡೆಯುವಾಗ ಆ ದನಿ ಕೇಳಿಸಿದರೆ ಆಗುವ ಸಮಾಧಾನವನ್ನು ಬೇರೆ ಯಾವ ಗೇಮೂ ನನಗೆ ಕೊಟ್ಟಿಲ್ಲ. ಸಾವಿಗೆ ಬೆಲೆಯೇ ಇಲ್ಲದಿದ್ದರೆ ಆ ಸಮಾಧಾನವೂ ಇರುತ್ತಿರಲಿಲ್ಲ.

ಔಟರ್ ವೈಲ್ಡ್ಸ್ ಬಗ್ಗೆ ಎಚ್ಚರದಿಂದ ಬರೆಯುತ್ತೇನೆ. ಶುರುವಿನಲ್ಲೇ ಗೊತ್ತಾಗುವುದನ್ನು ಬಿಟ್ಟರೆ ಗ್ರಹಗಳು ಹೇಗಿವೆ ಅನ್ನುವುದಷ್ಟೇ ಹೇಳುತ್ತೇನೆ. ಅಲೆಕ್ಸ್ ಬೀಚಮ್ ವಿದ್ಯಾರ್ಥಿಯಾಗಿದ್ದಾಗ ಥೀಸಿಸ್‌ಗಾಗಿ ಶುರುಮಾಡಿದ ಆಟ ಇದು. ಟಿಂಬರ್ ಹಾರ್ತ್ ಅನ್ನುವ ಗ್ರಹದಿಂದ ಮರದ ಹಲಗೆಗಳ ಪುಟ್ಟ ಹಡಗಿನಲ್ಲಿ ಹೊರಡುತ್ತೇವೆ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ಎಲ್ಲ ಮುಗಿಯುತ್ತದೆ, ಮತ್ತೆ ಅದೇ ಬೆಂಕಿಯ ಪಕ್ಕದಲ್ಲಿ ಕಣ್ಣು ಬಿಡುತ್ತೇವೆ. ಇಲ್ಲಿ ಸಾವು ತಪ್ಪಿಸಿಕೊಳ್ಳುವ ವಿಷಯವೇ ಅಲ್ಲ, ಎಷ್ಟು ಚೆನ್ನಾಗಿ ಆಡಿದರೂ ಬರುತ್ತದೆ. ಹಣವಿಲ್ಲ, ಲೆವೆಲ್ ಇಲ್ಲ, ಹೊಸ ಆಯುಧವಿಲ್ಲ. ಉಳಿಯುವುದು ತಿಳಿದುಕೊಂಡದ್ದು ಮಾತ್ರ. ಅದರಲ್ಲಿ ಸ್ವಲ್ಪವನ್ನು ಹಡಗಿನ ಲಾಗ್ ಬರೆದಿಟ್ಟುಕೊಳ್ಳುತ್ತದೆ.

ಆದರೆ ಆ ಲಾಗ್ ಕಂಡದ್ದನ್ನು ಬರೆಯುತ್ತದೆ, ನನಗೆ ಹುಟ್ಟಿದ ಪ್ರಶ್ನೆಗಳನ್ನೆಲ್ಲ ಬರೆಯುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಪ್ರತಿ ಸುತ್ತಿಗೂ ಮೊದಲು ಒಂದೇ ಒಂದು ಪ್ರಶ್ನೆ ಬರೆಯುತ್ತೇನೆ. ಎರಡು ಬರೆದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ, 22 ನಿಮಿಷ ಅಷ್ಟು ಚಿಕ್ಕದು. ಪ್ರಶ್ನೆಯ ಪಕ್ಕದಲ್ಲಿ ಸುತ್ತಿನ ಯಾವ ಹೊತ್ತಿನಲ್ಲಿ ಹೋಗಬೇಕು ಅಂತಲೂ ಬರೆಯುತ್ತೇನೆ. ಇದು ತುಂಬಾ ಮುಖ್ಯ. ಅವಳಿ ಗ್ರಹಗಳಲ್ಲಿ ಒಂದರ ಮರಳು ಇನ್ನೊಂದಕ್ಕೆ ಸುರಿಯುತ್ತಿರುತ್ತದೆ. ಎಂಬರ್ ಟ್ವಿನ್‌ನ ಗುಹೆಗಳನ್ನು ನೋಡಬೇಕೆಂದರೆ ಅವು ಮರಳಿನಿಂದ ತುಂಬುವ ಮೊದಲು ಹೋಗಬೇಕು. ಆ್ಯಶ್ ಟ್ವಿನ್‌ನಲ್ಲಿ ಹೂತಿರುವುದನ್ನು ನೋಡಬೇಕೆಂದರೆ ಮರಳು ಖಾಲಿಯಾಗುವ ತನಕ ಕಾಯಬೇಕು. ಬ್ರಿಟಲ್ ಹಾಲೋ ಗ್ರಹದ ಮೇಲ್ಮೈ ಉಲ್ಕೆಗಳ ಏಟಿಗೆ ತುಂಡುತುಂಡಾಗಿ ನಡುವಿನ ಕಪ್ಪುಕುಳಿಗೆ ಬೀಳುತ್ತಾ ಹೋಗುತ್ತದೆ. ತಡವಾಗಿ ಹೋದರೆ ಕಾಲಿಡಲು ನೆಲವೇ ಕಡಿಮೆ.

ದಾರಿ ತೋಚದಾಗ ಸಿಗ್ನಲ್‌ಸ್ಕೋಪ್ ಅನ್ನುವ, ದೂರದ ದನಿ ಹಿಡಿಯುವ ಸಾಧನ ಎತ್ತಿ ಆಕಾಶದ ಕಡೆ ತಿರುಗಿಸುತ್ತೇನೆ. ಬೇರೆ ಬೇರೆ ಗ್ರಹಗಳಲ್ಲಿರುವ ನಮ್ಮವರು ಒಬ್ಬೊಬ್ಬರೂ ಒಂದೊಂದು ವಾದ್ಯ ನುಡಿಸುತ್ತಿರುತ್ತಾರೆ. ಒಂದು ಕಡೆ ಬ್ಯಾಂಜೋ, ಒಂದು ಕಡೆ ಕೊಳಲು, ಒಂದು ಕಡೆ ಡ್ರಮ್. ಯಾವ ದನಿ ಎಲ್ಲಿಂದ ಬರುತ್ತಿದೆ ಅಂತ ಹಿಡಿದು ಹೊರಟರೆ ಮಾತಾಡಲು ಒಬ್ಬರು ಸಿಗುತ್ತಾರೆ, ಅವರಿಂದ ಹೊಸ ಪ್ರಶ್ನೆಯೂ ಸಿಗುತ್ತದೆ. ಆಟೋಪೈಲಟ್ ಮಾತ್ರ ಜೋಪಾನ. ಅದು ನೇರ ಗೆರೆಯಲ್ಲಿ ಹೋಗುತ್ತದೆ, ನಡುವೆ ಸೂರ್ಯ ಇದ್ದರೂ.

ಹೀಗೆ ಮೂರಕ್ಕೂ ತಂತಾನೇ ಒಂದು ಹೊತ್ತು ನಿಗದಿಯಾಗಿದೆ. ಸ್ವಲ್ಪವೇ ಬಿಡುವಿದ್ದರೆ ಸೆಲೆಸ್ಟ್, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಒಂದು ಗಂಟೆಗಿಂತ ಜಾಸ್ತಿ ಸಮಯ ಸಿಗುವ ಹಾಗಿದ್ದರೆ ಹಾಲೋ ನೈಟ್, ಯಾಕೆಂದರೆ ನೆರಳನ್ನು ಅಲ್ಲೇ ಬಿಟ್ಟು ಏಳುವುದು ನನಗೆ ಇಷ್ಟವಿಲ್ಲ. ಮರುದಿನಕ್ಕೆ ಅದು ಎಲ್ಲಿತ್ತು ಅನ್ನುವುದೇ ಮರೆತಿರುತ್ತದೆ. ತಲೆ ಚುರುಕಾಗಿರುವ ಹೊತ್ತಿಗೆ ಔಟರ್ ವೈಲ್ಡ್ಸ್. ದಣಿದಿದ್ದಾಗ ಅದನ್ನು ಮುಟ್ಟುವುದೇ ಇಲ್ಲ. ದಣಿದಾಗ ಆ ಆಟದಲ್ಲಿ ಅಲ್ಲಲ್ಲಿ ಸಿಗುವ ಗೋಡೆಯ ಬರಹ ಓದಿದರೆ ಓದಿದ ಹಾಗಿರುತ್ತದೆ, ಅರ್ಥವಾಗಿರುವುದಿಲ್ಲ.

ಮೂರರಲ್ಲಿ ಯಾವುದನ್ನು ಮೊದಲು ಆಡಬೇಕು ಅಂತ ಕೇಳಿದರೆ ಸೆಲೆಸ್ಟ್ ಅನ್ನುತ್ತೇನೆ. ಸಾಯುವ ಭಯ ಅಲ್ಲಿ ಬೇಗ ಹೋಗುತ್ತದೆ. ಆಮೇಲೆ ಹಾಲೋ ನೈಟ್‌ಗೆ ಕಾಲಿಟ್ಟರೆ ಅದರ ಬೆಲೆ ಅನ್ಯಾಯ ಅನ್ನಿಸುವುದಿಲ್ಲ. ಸಿಕ್ಕಿಹಾಕಿಕೊಂಡರೆ ಈ ಎರಡಕ್ಕೂ ಧಾರಾಳವಾಗಿ ವಿಡಿಯೋ ನೋಡಿ, ಏನೂ ತೊಂದರೆಯಿಲ್ಲ. ಬೇರೆಯವರು ಹಾರಿದ್ದನ್ನು ನೋಡಿದ ಮಾತ್ರಕ್ಕೆ ನಿಮ್ಮ ಬೆರಳು ಹಾರುವುದಿಲ್ಲ, ಆಡಿಯೇ ಕಲಿಯಬೇಕು. ಔಟರ್ ವೈಲ್ಡ್ಸ್‌ಗೆ ಮಾತ್ರ ಒಂದೂ ನೋಡಬೇಡಿ, ಟ್ರೇಲರ್ ಕೂಡ ಬೇಡ. ಅಲ್ಲಿ ಬೀಗವೂ ತಿಳಿವಳಿಕೆ, ಕೀಲಿಯೂ ತಿಳಿವಳಿಕೆ. ತೀರಾ ದಾರಿ ಕಾಣದಿದ್ದರೆ ಆಡಿ ಮುಗಿಸಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮ ಲಾಗ್ ತೋರಿಸಿ, ಇದರಲ್ಲಿ ನಾನು ಸರಿಯಾಗಿ ಓದದೇ ಇರುವುದು ಯಾವುದು ಅಂತ ಅಷ್ಟು ಮಾತ್ರ ಕೇಳಿ.