ಹದಿನೇಳು ಅಡಿಯಿಂದ ಹನ್ನೆರಡೂವರೆಗೆ

ಕಯಾಕ್ ಅಂದರೆ ಕೂತು ಹುಟ್ಟು ಹಾಕುವ ಸಣ್ಣ, ಕಿರಿದಾದ ದೋಣಿ. ಅದನ್ನು ಕಟ್ಟಲು ನನಗೆ ಹಿಡಿದದ್ದು ಏಳು ವಾರ. ಯಾವ ಕಯಾಕ್ ಕಟ್ಟಬೇಕು ಅಂತ ನಿರ್ಧರಿಸಲು ಐದು ತಿಂಗಳು. ಇಲ್ಲಿ ಬರೆಯುತ್ತಿರುವುದು ಆ ಐದು ತಿಂಗಳ ಕಥೆ.

ನಮ್ಮದು ಶಿರಸಿ ಹತ್ತಿರದ ಊರು. ಅಡಿಕೆ ತೋಟ. ತಂಗಿಯನ್ನು ಕುಮಟಾಕ್ಕೆ ಕೊಟ್ಟಿದ್ದರಿಂದ ಅಘನಾಶಿನಿ ಹೊಳೆಯ ಕೆಳಭಾಗಕ್ಕೆ ಓಡಾಟ ಜಾಸ್ತಿ. ಹುಟ್ಟೋದು ನಮ್ಮ ಶಿರಸಿಯಲ್ಲಿ, ಸಮುದ್ರ ಸೇರೋದು ತದಡಿಯಲ್ಲಿ. ಆ ಅಳಿವೆಯಲ್ಲಿ ಒಬ್ಬನೇ ಸುಮ್ನೆ ತಿರುಗಾಡಬೇಕು, ಅಷ್ಟೇ ನನ್ನ ಆಸೆ.

ಮೊದಲು ಮನಸ್ಸಿಗೆ ಬಿದ್ದದ್ದು 17 ಅಡಿಯ, ಸೀಡರ್ ಅನ್ನೋ ಹಗುರ ಮರದ ಪಟ್ಟಿಯ ಕಯಾಕ್. ಬೆರಳಗಲದ ತೆಳು ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ, ಒಳಗೂ ಹೊರಗೂ ಗಾಜಿನ ನಾರಿನ ಬಟ್ಟೆ, ಎಪಾಕ್ಸಿ ಅನ್ನೋ ಗಟ್ಟಿಯಾಗುವ ಅಂಟು ಹಾಕಿ ಮಾಡುವಂಥದ್ದು. ನೋಡಿದರೆ ವೀಣೆ ನೆನಪಾಗುತ್ತದೆ. ಹಿಂದೆಮುಂದೆ ನೋಡದೆ ನಕ್ಷೆ ಕೊಂಡುಬಿಟ್ಟೆ. ಆಮೇಲೆ ಸಾಮಿಲ್ಲಿಗೆ ಹೋದೆ. ಸೀಡರ್ ಇಲ್ಲಿ ಎಲ್ಲಿ ಬರಬೇಕು? ಸಾಗುವಾನಿಯಲ್ಲಿ ಮಾಡಿದರಾಯಿತು ಅಂದುಕೊಂಡೆ. ಆದರೆ ಸೀಡರ್ ಘನ ಮೀಟರಿಗೆ ಸುಮಾರು 370 ಕಿಲೋ ತೂಗಿದರೆ ಸಾಗುವಾನಿ 650ರ ಆಸುಪಾಸು. "ಎಣ್ಣೆ ಮರ ಇದು, ಅಂಟು ಸರಿಯಾಗಿ ಕೂರೂದಿಲ್ಲ" ಅಂತ ನಮ್ಮ ಆಚಾರಿ ಬೇರೆ ಹೇಳಿದರು. ಅವರು ಹೇಳಿದ್ದು ಸರಿ. ಸಾಗುವಾನಿಗೆ ಎಪಾಕ್ಸಿ ಹಾಕುವ ಮುಂಚೆ ಅಸಿಟೋನ್‌ನಲ್ಲಿ ಒರೆಸಲೇಬೇಕು.

ಅದಕ್ಕಿಂತ ದೊಡ್ಡ ಅಡ್ಡಿ ಮನೆಯಂಗಳದಲ್ಲೇ ನಿಂತಿತ್ತು. ನಮ್ಮ ಓಮ್ನಿ. ಅದರ ಉದ್ದ 11 ಅಡಿ. ತಲೆಯ ಮೇಲೆ 17 ಅಡಿಯದನ್ನು ಕಟ್ಟಿಕೊಂಡು ದೇವಿಮನೆ ಘಾಟಿಯ ತಿರುವುಗಳಲ್ಲಿ ಇಳಿಯಬೇಕು. ಎದುರಿಗೆ ಲಾರಿ ಬಂದರೆ? ಒಂದು ಭಾನುವಾರ 17 ಅಡಿಯ ಬಿದಿರು ಗಳ ಕಟ್ಟಿಕೊಂಡು ಘಾಟಿಯ ಅರ್ಧದವರೆಗೆ ಹೋಗಿಬಂದೆ. ಮನೆಗೆ ಬಂದು ಆ ನಕ್ಷೆಯನ್ನು ಮಡಚಿ ಅಟ್ಟಕ್ಕೆ ಹಾಕಿದೆ.

ಉದ್ದ ಕಡಿಮೆಯಾದರೆ ವೇಗ ಹೋಗುತ್ತದಲ್ಲ ಅನ್ನೋ ಸಂಕಟ ಕೆಲವು ದಿನ ಕಾಡಿತು. ಅದಕ್ಕೊಂದು ಲೆಕ್ಕವಿದೆ. ದೋಣಿ ನೀರಿಗೆ ತಾಗುವ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ, ಹೆಚ್ಚುಕಮ್ಮಿ ಅದು ಮುಟ್ಟಬಹುದಾದ ವೇಗ ನಾಟ್‌ಗಳಲ್ಲಿ ಸಿಗುತ್ತದೆ; ಒಂದು ನಾಟ್ ಅಂದರೆ ತಾಸಿಗೆ ಸುಮಾರು 1.85 ಕಿಲೋಮೀಟರ್. 16 ಅಡಿಗೆ 5.4 ನಾಟ್, 12 ಅಡಿಗೆ 4.6. ಆದರೆ ನನ್ನ ತೋಳಿಗೆ ತಾಸುಗಟ್ಟಲೆ ತಡೆಯುವ ವೇಗ ಮೂರು ನಾಟ್. ಉದ್ದ ಜಾಸ್ತಿಯಾದಷ್ಟೂ ನೀರಿಗೆ ಉಜ್ಜುವ ಮೈ ಜಾಸ್ತಿ. ನನ್ನಂಥವನಿಗೆ ಉದ್ದದಿಂದ ಲಾಭವೇ ಇಲ್ಲ!

ಹಾಗಾಗಿ ಪ್ಲೈವುಡ್ಡಿಗೆ ಬಂದೆ. ತೆಳು ಪ್ಲೈಯನ್ನು ನಕ್ಷೆಯಂತೆ ಕತ್ತರಿಸಿ, ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಎಪಾಕ್ಸಿ ತುಂಬುವ ವಿಧಾನ. ಇಂಗ್ಲೆಂಡಿನಲ್ಲಿ 1960ರ ದಶಕದ ಆರಂಭದಲ್ಲಿ ಮಿರರ್ ಅನ್ನೋ ಸಣ್ಣ ಹಾಯಿದೋಣಿಯಿಂದ ಇದು ಮನೆಮನೆಗೆ ಹೋಯಿತು. ಹೊಲಿದ ದೋಣಿ ಅಂದರೆ ನಮ್ಮ ಕರಾವಳಿಗೆ ಹೊಸದೇನಲ್ಲ ಬಿಡಿ. ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ಕೌಂಡಿನ್ಯ ಹಡಗನ್ನು ನೌಕಾಪಡೆ 2025ರ ಮೇ 21ರಂದು ಸೇರಿಸಿಕೊಂಡಿದ್ದು ನಮ್ಮ ಕಾರವಾರದಲ್ಲೇ ಅಲ್ವಾ?

ಈಗ ಎರಡು ನಕ್ಷೆ ಉಳಿದವು. ಒಂದು 14 ಅಡಿ ಉದ್ದ, 24 ಇಂಚು ಅಗಲ, ಹೊಟ್ಟೆ ದುಂಡಗೆ. ಇನ್ನೊಂದು ಹನ್ನೆರಡೂವರೆ ಅಡಿ, 28 ಇಂಚು ಅಗಲ. ಇದರಲ್ಲಿ ತಳಕ್ಕೆ ಎರಡು ಹಲಗೆ, ಪಕ್ಕಕ್ಕೆ ಎರಡು, ನಡುವೆ ಚೂಪು ಮೂಲೆ.

ಎರಡರದ್ದೂ ರಟ್ಟಿನ ಮಾದರಿ ಮಾಡಿದೆ, ಎಂಟನೇ ಒಂದು ಅಳತೆಯಲ್ಲಿ. ಹಳೆಯ ಕ್ಯಾಲೆಂಡರಿನ ರಟ್ಟು, ಸೆಲ್ಲೋ ಟೇಪು, ಮೇಲೆ ಮೇಣದಬತ್ತಿ ಉಜ್ಜಿದ್ದು. ಕೊಟ್ಟಿಗೆಯ ಬಾನಿಯಲ್ಲಿ ತೇಲಿಬಿಟ್ಟು ಅಂದಾಜಿಗೆ ಅರ್ಧ ಕಿಲೋ ಕಲ್ಲು ಹಾಕಿದರೆ ಗುಳುಂ! ಪಿಯುಸಿ ಓದುವ ಅಣ್ಣನ ಮಗಳು ನಕ್ಕುಬಿಟ್ಟಳು. "ಚಿಕ್ಕಪ್ಪಾ, ಉದ್ದ ಎಂಟನೇ ಒಂದಾದ್ರೆ ತೂಕ 512ನೇ ಒಂದು." ನಾನು 82, ಕಯಾಕ್ 25, ಚೀಲ 10 ಅಂತ ಹಿಡಿದರೆ ಒಟ್ಟು 117 ಕಿಲೋ. ಭಾಗಿಸಿದರೆ ಸುಮಾರು 228 ಗ್ರಾಂ. ಮಾದರಿಯನ್ನೂ ಸೇರಿಸಿ ಅಷ್ಟು ತೂಗುವ ಹಾಗೆ ಚಾಲಿ ಅಡಿಕೆಯನ್ನು ಸಣ್ಣ ಚೀಲಕ್ಕೆ ಹಾಕಿ, ಕೂರುವ ಜಾಗದಲ್ಲಿಟ್ಟೆವು. ಎರಡೂ ನೆಟ್ಟಗೆ ತೇಲಿದವು. ಚೀಲವನ್ನು ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದಾಗ ಮಾತ್ರ ಬಣ್ಣ ಬಯಲಾಯಿತು. ದುಂಡು ಹೊಟ್ಟೆಯದು ಅಂಚು ನೀರಿಗೆ ತಾಗುವಷ್ಟು ವಾಲಿತು. ಚೂಪು ಮೂಲೆಯದು ಸ್ವಲ್ಪ ವಾಲಿ, ಮೂಲೆಯ ಮೇಲೆ ಆತುಕೊಂಡು ನಿಂತಿತು. ಪಳಗಿದವರಿಗೆ ದುಂಡು ಹೊಟ್ಟೆಯೇ ಹಿತವಂತೆ, ಅಲೆಯಲ್ಲಿ ಹದವಾಗಿ ಹೊರಳುತ್ತದಂತೆ. ಕ್ಯಾಮೆರಾ ಹಿಡಿದು ಕೂರುವ ನನಗೆ ಅದು ಬೇಡ.

ಆಮೇಲೆ ಫ್ರಿಜ್ಜು ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಕೂರುವ ಗೂಡನ್ನು, ಅಂದರೆ ನಿಜ ಅಳತೆಯ ಕಾಕ್‌ಪಿಟ್ ಮಾಡಿ ಜಗಲಿಯಲ್ಲಿ ಕೂತೆ. ಸೊಂಟಕ್ಕೆ ಜಾಗವಿತ್ತು. ಪಾದ ನೆಟ್ಟಗೆ ನಿಲ್ಲಲಿಲ್ಲ, ಹೆಬ್ಬೆರಳು ಕಾಲಿನ ಮೇಲೆ ಮುಚ್ಚುವ ಡೆಕ್‌ಗೆ ಒತ್ತುತ್ತಿತ್ತು. ನಕ್ಷೆಯಲ್ಲಿ ಅಗಲ, ಉದ್ದ ಎಲ್ಲ ದೊಡ್ಡಕ್ಷರದಲ್ಲಿ ಇರುತ್ತದೆ. ಪಾದದ ಹತ್ತಿರದ ಎತ್ತರ ಮಾತ್ರ ನಾವೇ ಹುಡುಕಿ ಅಳೆಯಬೇಕು. ಬಾಗಿಲಲ್ಲಿ ನಿಂತಿದ್ದ ಆಯಿ ಕೇಳಿದಳು, "ಕುಂತಾಯ್ತು ತಮಾ, ಏಳದು ಹ್ಯಾಂಗೆ?" ಏಳಲು ಹೋದರೆ ಮಂಡಿ ಅಂಚಿಗೆ ಸಿಕ್ಕಿ ಪೆಟ್ಟಿಗೆಯೇ ಹರಿಯಿತು. ಡೆಕ್ ಒಂದು ಇಂಚು ಎತ್ತರಿಸಿದೆ. ಕಾಕ್‌ಪಿಟ್ಟಿನ ಬಾಯಿಯನ್ನು ಮಂಡಿ ಮಡಚಿ ತೆಗೆಯುವಷ್ಟು ಉದ್ದ ಮಾಡಿದೆ.

ದಿವಗಿ ಕಡೆಯ ಹಿರಿಯ ಅಂಬಿಗರೊಬ್ಬರಿಗೆ ಮಾದರಿ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು. "ಹೆಗಡೇರೇ, ಹನ್ನೊಂದು ಗಂಟೆ ಮೇಲೆ ಪಡುಗಾಳಿ ಬತ್ತದೆ. ಇದು ಎಲೆ ತಿರುಗ್ದಾಂಗೆ ತಿರುಗ್ತದೆ." ಅಡ್ಡಗಾಳಿಯಲ್ಲಿ ಹಗುರ ಕಯಾಕಿನ ಹಿಂಭಾಗ ಜಾರಿ ಮೂತಿ ಗಾಳಿಯತ್ತ ತಿರುಗುತ್ತದೆ ಅಂತ ನಾನು ಓದಿದ್ದೆ. ಅವರು ಮಾದರಿ ನೋಡಿಯೇ ಹೇಳಿದರು. ಹಿಂದೆ ತಳಕ್ಕೆ ಮೀನಿನ ರೆಕ್ಕೆಯಂಥ ಸಣ್ಣ ಹಲಗೆ, ಅಂದರೆ ಸ್ಕೆಗ್, ನಕ್ಷೆಗೆ ಸೇರಿದ್ದು ಹೀಗೆ. ಅಳಿವೆಯ ತಳದಲ್ಲಿ ಚಿಪ್ಪಿಕಲ್ಲು ಇರುವುದರಿಂದ ತಳಕ್ಕೆ ಗಾಜಿನ ಬಟ್ಟೆ ಎರಡು ಪದರ.

ಇನ್ನು ಪ್ಲೈ ಆರಿಸುವುದೊಂದೇ ಉಳಿದಿತ್ತು. ನೀರಿನಲ್ಲಿ ಬಳಸುವ ಮರೀನ್ ಪ್ಲೈಗೆ ಐಎಸ್ 710 ಅನ್ನೋ ಗುಣಮಟ್ಟ ಇದೆ. ತುಂಡನ್ನು 72 ತಾಸು ಕುದಿಸಿದರೂ ಪದರ ಬಿಡಬಾರದು. ಮೊದಲು ತಂದ 4 ಮಿಲಿಮೀಟರ್ ಹಾಳೆಯ ಮೇಲೆ ಆ ಮುದ್ರೆ ಇತ್ತು. ಒಂದು ತುಂಡನ್ನು ಅಡಿಕೆ ಬೇಯಿಸುವ ಹಂಡೆಗೆ ಹಾಕಿದೆ. ಸಂಜೆಯೊಳಗೆ ಹಪ್ಪಳದಂತೆ ಬಿಚ್ಚಿಕೊಂಡಿತು. ಎರಡನೇ ಅಂಗಡಿಯದು ಮೂರು ದಿನ ತಡೆಯಿತು. ಹಾಳೆಗೆ 8 ಕಿಲೋ, ಮೂರು ಹಾಳೆ ಸಾಕಾಯಿತು. ಎಪಾಕ್ಸಿಗೆ ತೇವದ ಗಾಳಿ ಆಗಿಬರುವುದಿಲ್ಲ, ಮೇಲೆ ಜಿಡ್ಡು ಕಟ್ಟುತ್ತದೆ. ಹಾಗಾಗಿ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಶುರು ಮಾಡಿ, ಮಳೆಗಾಲದ ಮುಂಚೆ ಮುಗಿಸಿದೆ.

ಅಡಿಕೆ ತಕ್ಕಡಿಯಲ್ಲಿ ತೂಗಿದಾಗ ಕಯಾಕ್ 26 ಕಿಲೋ ಬಂತು. ಬರಿಗಾಲಲ್ಲಿ ಪಾದ ಸರಿಯಾಗಿ ಕೂರುತ್ತದೆ. ಚಪ್ಪಲಿ ಹಾಕಿದರೆ ಮಾತ್ರ ಇವತ್ತಿಗೂ ಹೆಬ್ಬೆರಳು ಡೆಕ್‌ಗೆ ತಾಗುತ್ತದೆ.